ಪಕ್ಕದ ಮನೆಯ ಕುಕ್ಕರ್ ಇದ್ದ ಕಂತು

1998ರ ಜೂನ್ 16, ರಾತ್ರಿ ಹನ್ನೊಂದು ಮುಕ್ಕಾಲು. ಮನೆಯವರ ನಗುವನ್ನು ಡೈರಿಯಲ್ಲಿ ಎಣಿಸಿಡಲು ಶುರು ಮಾಡಿದ್ದು ಆಗ.

ಅಪ್ಪನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್. ಸಂಜೆಯ ಹಾಸ್ಯ ಧಾರಾವಾಹಿಯ ಹೊತ್ತಿಗೆ ನಾನೂ ತಮ್ಮನೂ ಇಂದಿರಾನಗರದಲ್ಲಿ ಟ್ಯೂಷನ್‌ಗೆ ಹೋಗಿರುತ್ತಿದ್ದೆವು. ಜೀವನ್ ಬಿಮಾ ನಗರದ ಮನೆಯಲ್ಲಿ ಕೂತು ನೋಡುತ್ತಿದ್ದವಳು ಅಮ್ಮ ಒಬ್ಬಳೇ. ಅಪ್ಪ ಬಂದು ಊಟಕ್ಕೆ ಕೂತಾಗ, ಸಾರು ಬಡಿಸುತ್ತ, ದನಿ ಬದಲಿಸಿ ಪೂರ್ತಿ ಕಂತನ್ನು ಹೇಳುತ್ತಿದ್ದಳು. ನಾವು ನಿದ್ದೆಗಣ್ಣಲ್ಲಿ ಎದ್ದು ಕೂತು ಕೇಳುತ್ತಿದ್ದೆವು.

ಅಂದಿನ ಕಥೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಕುಕ್ಕರ್ ಒಂದು ಸಲ ಕೂಗಿದರೆ ಊಟಕ್ಕೆ ಬಾ, ಎರಡು ಸಲ ಕೂಗಿದರೆ ಸ್ನಾನಕ್ಕೆ ಹೋಗು ಎಂದು ಹೆಂಡತಿಯ ಸನ್ನೆ. ಪಕ್ಕದ ಮನೆಯ ಕುಕ್ಕರ್ ಕೂಗುತ್ತಲೇ ಇತ್ತು. ಪಾಪ, ಗಂಡ ಮೂರು ಸಲ ಸ್ನಾನ ಮಾಡಿದ. ಅಪ್ಪ ನಾಲ್ಕು ಸಲ ನಕ್ಕರು, ಕೊನೆಯ ಸಲ ತುತ್ತು ಕೆಳಗಿಟ್ಟು.

2000ದಲ್ಲಿ ಕೇಬಲ್ ಬಂತು. ಹಳೆಯ ಕಂತುಗಳು ನಡುರಾತ್ರಿ ಮರುಪ್ರಸಾರವಾಗತೊಡಗಿದವು. ಒಂದು ರಾತ್ರಿ ಅಪ್ಪ ಆ ಕಂತನ್ನೇ ನೋಡಿದರು. ನಕ್ಕಿದ್ದು ಒಂದೇ ಸಲ.

"ಎಲ್ಲೇ ಪಕ್ಕದ ಮನೆ ಕುಕ್ಕರ್ರು?"

"ಎಡಿಟ್ ಮಾಡ್ಬಿಟ್ಟಿದಾರೆ ರೀ," ಎಂದಳು ಅಮ್ಮ, ಪಾತ್ರೆ ತೊಳೆಯುತ್ತ.

"ಮೂರು ಸ್ನಾನಾನೂ?"

ಅಮ್ಮ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು. ಮರುದಿನದಿಂದ ಬಡಿಸಿಟ್ಟು ಮಲಗಿಬಿಡುತ್ತಿದ್ದಳು. ಅಪ್ಪ ಒಬ್ಬರೇ ಟೀವಿ ಮುಂದೆ ಉಣ್ಣುತ್ತಿದ್ದರು. ಆ ವಾರ ನನ್ನ ಡೈರಿಯ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ.

ಎಂಟನೆಯ ರಾತ್ರಿ ಅಪ್ಪ ಟೀವಿ ಆರಿಸಿ, ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು: "ಏಳೇ. ಎಡಿಟ್ ಮಾಡಿರೋದನ್ನ ಹೇಳು ಬಾ."

ಅಮ್ಮ ಎದ್ದು ಬಂದಳು.

2006ರ ಹೊತ್ತಿಗೆ ತಮ್ಮ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಂಪ್ಯೂಟರ್ ಮುಂದೆ ಒಬ್ಬನೇ ನಗುತ್ತಿದ್ದ. ಅದರಲ್ಲಿ ಇಂಗ್ಲಿಷ್ ಹಾಸ್ಯಗಾರನೊಬ್ಬ ವೇದಿಕೆಯ ಮೇಲೆ ನಿಂತುಕೊಂಡು ಮಂತ್ರಿಗಳನ್ನೂ ನಟರನ್ನೂ ಆಡಿಕೊಳ್ಳುತ್ತಿದ್ದ. ಅಮ್ಮ ಒಂದು ಕಿವಿಯಲ್ಲಿ ಕೇಳಿ ನೋಡಿದಳು.

"ಎಲ್ರನ್ನೂ ಬೈತಾನಷ್ಟೇ. ಇವನಿಗೆ ಮನೇಲಿ ಯಾರೂ ಇಲ್ವೇನೋ?"

"ಅದೇ ಕಾಮಿಡಿ ಕಣಮ್ಮ."

ಅಂದು ರಾತ್ರಿ ಊಟದ ಹೊತ್ತಿಗೆ ಅಮ್ಮ ತಾನು ಹೇಳಿದ ಕಥೆಯಲ್ಲಿ ಆ ಹಾಸ್ಯಗಾರನಿಗೊಬ್ಬ ಅತ್ತೆಯನ್ನು ಕೊಟ್ಟಳು. ಅಪ್ಪನದು ಮೂರು ನಗು, ತಮ್ಮನದು ಎರಡು.

ಕುಕ್ಕರಿನ ವಿಷಯದಲ್ಲಿ ಮಾತ್ರ ಅಮ್ಮ ಇಂದಿಗೂ ಬಗ್ಗುವುದಿಲ್ಲ: "ನಾನ್ಯಾಕೆ ಕಟ್ಟಿ ಹೇಳ್ಲಿ? ಟೀವೀಲಿ ಬಂದಿದ್ದೇ ಅದು." ಆ ಕಂತನ್ನು ಮೊದಲ ಸಲ ಪ್ರಸಾರವಾದಾಗಲೇ ನೋಡಿದವರಿದ್ದರೆ, ಪಕ್ಕದ ಮನೆಯ ಕುಕ್ಕರ್ ಅದರಲ್ಲಿತ್ತೇ ಎಂದು ದಯವಿಟ್ಟು ಬರೆದು ತಿಳಿಸಿ. ಇರಲಿಲ್ಲವೆಂದರೆ, 1998ರ ಆ ರಾತ್ರಿ ಅಪ್ಪ ನಕ್ಕ ನಾಲ್ಕು ನಗುವಿನಲ್ಲಿ ಮೂರು ಅಮ್ಮನ ಹೆಸರಿಗೆ ಸೇರಬೇಕು.