ಕಡಲ ಹುಳುವಿಗೆ ಹೊಳೆಯ ನೀರು

ಹರಿಹರದ ದುರುಗಮ್ಮ ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಕೋಣೆಗಳನ್ನು ಗುಡಿಸುವ ಕೆಲಸಕ್ಕೆ ಸೇರಿದ್ದು ಗಂಡ ತೀರಿಹೋದ ವರ್ಷ. ಹನ್ನೊಂದು ವರ್ಷ ದಿನಾ ರೈಲಿನಲ್ಲಿ ಬಂದು ಹೋಗಿ ಮಂಡಿ ಸವೆದಿತ್ತು.

೧೯೬೨ರ ಚಳಿಗಾಲದಲ್ಲಿ ಮಾಲತೇಶಪ್ಪ ಮೇಷ್ಟ್ರು ಕಾರವಾರದಿಂದ ಡಬ್ಬಿಗಳ ತುಂಬ ಕಡಲ ನೀರು, ನಾಲ್ಕು ಕಲ್ಲು, ಹುಣಸೆಬೀಜದಷ್ಟು ಗಾತ್ರದ ಹದಿನಾಲ್ಕು ಬಸವನಹುಳು ತಂದು ಗಾಜಿನ ತೊಟ್ಟಿಗೆ ಬಿಟ್ಟರು. ಅವು ಗಾಜಿನ ಪಾಚಿಯನ್ನು ಕೆರೆದು ತಿನ್ನುವುದನ್ನು ಹುಡುಗರು ನೋಡಬೇಕಿತ್ತು. ನೀರು ಆರಿದಷ್ಟೂ ಉಪ್ಪು ಏರುತ್ತದೆ, ದಿನಾ ತೊಟ್ಟಿಯ ಮೇಲೆ ಎಳೆದ ಗೆರೆಯ ತನಕ ಸಿಹಿನೀರು ಹೊಯ್ಯಬೇಕು, ಬಾವಿಯ ಗಡಸು ನೀರು ಆಗದು, ನಿಮ್ಮೂರಿನ ಹೊಳೆ ನೀರು ತರುತ್ತೀಯಾ ಎಂದು ದುರುಗಮ್ಮನನ್ನು ಕೇಳಿದರು. ಆಗದೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮೂರು ವಾರ ಕಳೆಯುವುದರೊಳಗೆ ಎಂಟು ಹುಳು ಗಾಜಿನಿಂದ ಕಳಚಿಬಿದ್ದು ನಾತ ಹೊಡೆದವು. ಮೇಷ್ಟ್ರು ಅವಳ ಕೈಯಲ್ಲಿದ್ದ ತಾಮ್ರದ ತಂಬಿಗೆಯನ್ನು ತೆಗೆದುಕೊಂಡು ನೋಡಿದರು.

"ತಾಮ್ರ ಇವಕ್ಕೆ ವಿಷ ದುರುಗಮ್ಮ. ನಾನು ಮೊದ್ಲೇ ಹೇಳ್ಬೇಕಿತ್ತು."

"ದೇವ್ರಿಗೆ ನೀರು ತರೋ ತಂಬಿಗಿ ಅದು, ಸರ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತಂದೀನ್ರಿ," ಎಂದಳು.

ಮೇಷ್ಟ್ರು ತೊಟ್ಟಿ ತೊಳೆದು, ಡಬ್ಬಿಯಲ್ಲಿ ಉಳಿದಿದ್ದ ಕಡಲ ನೀರು ತುಂಬಿ, ಬದುಕಿದ್ದ ಆರು ಹುಳುಗಳನ್ನು ಬಿಟ್ಟರು. ಮರುದಿನದಿಂದ ಅವಳ ಸೊಂಟಕ್ಕೆ ಮಣ್ಣಿನ ಗಡಿಗೆಯ ಭಾರ ಬಿತ್ತು. ಅಂಗಾತ ಬಿದ್ದ ಹುಳು ತಾನಾಗಿ ಮಗುಚಿಕೊಳ್ಳಲಾರದು. ಬಂದ ಕೂಡಲೇ ಒಂದೊಂದನ್ನೇ ಸರಿಮಾಡುತ್ತಿದ್ದಳು. ಬೇಸಗೆಗೆ ಪಾಚಿ ಮುಗಿಯಿತು. ಯಾರೂ ಹೇಳದೆಯೇ ಒಂದು ಕಲ್ಲನ್ನು ಉಪ್ಪುನೀರಿನಲ್ಲಿಟ್ಟು ಕಿಟಕಿಯ ಬಿಸಿಲಿಗೆ ಹಸಿರುಗಟ್ಟಿಸಿ ತೊಟ್ಟಿಗೆ ಇಳಿಸಿದಳು. ರಜೆಯಲ್ಲೂ, ಭಾನುವಾರವೂ ಬಂದಳು. ಮಗಳು ಕೊಟ್ರವ್ವ ಇದೇನು ಹುಚ್ಚು ಎಂದು ಬೈದರೆ ಗೋಡೆಗೊರಗಿ ಮಂಡಿ ನೀವಿಕೊಳ್ಳುತ್ತಿದ್ದಳು.

ಜೂನಿನಲ್ಲಿ ಮಾಲತೇಶಪ್ಪ ಮೇಷ್ಟ್ರು ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಕಪ್ಪೆ ಬಿಡಲು ತೊಟ್ಟಿ ಬೇಕಾಗಿತ್ತು. ಆರೂ ಹುಳುಗಳನ್ನು, ಸತ್ತ ಪ್ರಾಣಿ ಕೆಡದಂತೆ ಇಡುವ ಔಷಧಿಯ ಸೀಸೆಗೆ ಹಾಕಿಡು ಎಂದರು.

"ಇನ್ನೂ ಜೀವ ಐತ್ರಿ," ಎಂದಳು ದುರುಗಮ್ಮ.

"ಕಡಲಿಗೆ ಯಾರು ಒಯ್ಯೋರು?" ಎಂದರು ಅವರು, ಮೆಲ್ಲಗೆ.

ಅವಳು ಕೈ ಚಾಚಲಿಲ್ಲ. ಕೊನೆಗೆ ಅವರೇ ಹಾಕಿದರು. ನಾಳೆಯಿಂದ ಹೊಳೆಗೆ ಇಳಿಯಬೇಕಿಲ್ಲ ಎಂಬ ನೆಮ್ಮದಿ ಅವಳಿಗೆ ಮೊದಲು ಬಂತು, ಆಮೇಲೆ ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ರೈಲಿನಲ್ಲಿ ಅವಳಿಗೆ ಎಂಥ ನಿದ್ದೆ ಹತ್ತಿತೆಂದರೆ, ದಾವಣಗೆರೆ ದಾಟಿದ್ದು ಗೊತ್ತೇ ಆಗಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೇವಿನ ಮರದ ಕೆಳಗೆ ಕಾಲು ಚಾಚಿ, ತಿರುಗಿ ಹೋಗುವ ಗಾಡಿಗೆ ಕಾಯುತ್ತ ಕುಳಿತಳು.