ಕೊಳವೆಯೊಳಗೆ ಬಿಟ್ಟ ದಾರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಟ್ಟೆಗೆ ಬಿಗಿದು ಕಟ್ಟಿದ ಹಾಯಿದೋಣಿಯ ಹಿಂಭಾಗದಲ್ಲಿ, ಚುಕ್ಕಾಣಿ ಚಕ್ರದ ಮುಂದೆ, ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಬಿಸ್ಕೆಟ್ ಡಬ್ಬದಿಂದ ಕತ್ತರಿಸಿದ ರಟ್ಟು. ಚಕ್ರದ ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಎದೆ ಸೆಟೆದುಕೊಂಡು, ಗಂಭೀರವಾಗಿ.

“ಫೋಟೋಗೆ ಕೂತ ಹಾಗೆ ಕೂರಬೇಡಿ ಮೇಷ್ಟ್ರೇ. ಮೂರು ಗಂಟೆ ದೋಣಿ ನಡೆಸಿ ಸುಸ್ತಾದಾಗ ಹೇಗೆ ಕೂರ್ತೀರೋ, ಹಾಗೆ ಕೂರಿ.”

ಮೇಷ್ಟ್ರು ನಾಚಿಕೊಂಡು ಬೆನ್ನು ಸಡಿಲಿಸುತ್ತಾರೆ. ಹೊಟ್ಟೆ ಮುಂದೆ ಬರುತ್ತದೆ.

“ಹಾಂ, ಈಗ ಬಂದ್ರು ನೋಡಿ ನಿಜವಾದ ಮೇಷ್ಟ್ರು!” ಎನ್ನುತ್ತಾ ಆಕೆ ರಟ್ಟನ್ನು ಅರ್ಧ ಅಂಗುಲ ಕೆಳಗಿಳಿಸುತ್ತಾರೆ. ಮತ್ತೆ ಅರ್ಧ ಅಂಗುಲ. ಈ ಅರ್ಧ ಅಂಗುಲದ ಹಟಕ್ಕೇ ದೋಣಿಕಟ್ಟೆಯ ಜನ ಇವರನ್ನು ‘ಅಂಗುಲದಕ್ಕ’ ಎಂದು ಕರೆಯುವುದು.

ಅಕ್ಕನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಮಾಡುವುದು ಮಾತ್ರ ಕಷ್ಟ. ಹಾಯಿದೋಣಿಯ ಚುಕ್ಕಾಣಿ ಚಕ್ರ ಒಂದು ಗಿಡ್ಡ ಕಂಬದ ಮೇಲೆ ಕೂತಿರುತ್ತದೆ. ಕಂಬದ ನೆತ್ತಿಯಲ್ಲಿ ದಿಕ್ಸೂಚಿ. ಕಂಬದ ಮುಂದೆ ಕಮಾನಿನಂತೆ ಬಾಗಿದ ಸ್ಟೀಲ್ ಕೊಳವೆ. ಅಲೆ ಎದ್ದಾಗ ಹಿಡಿದುಕೊಳ್ಳಲು ಅದೇ ಆಸರೆ. ಅದನ್ನು ಗಾರ್ಡ್ ಎನ್ನುತ್ತಾರೆ. ಆ ಕಮಾನಿನ ಎರಡು ಕಾಲುಗಳ ನಡುವೆ ಮೀಟರುಗಳ ಡಬ್ಬಿಯನ್ನು ಕೂರಿಸಿ, ಅದರ ತಂತಿಗಳನ್ನು ಕೊಳವೆಯ ಒಳಗಿನಿಂದಲೇ ಕೆಳಗಿಳಿಸಬೇಕು. ನೀರಿನ ಆಳ, ಗಾಳಿಯ ವೇಗ, ದೋಣಿಯ ಓಟ ಎಲ್ಲವೂ ನಡೆಸುವವರ ಕಣ್ಣೆದುರಿಗೇ ಇರಬೇಕು.

ಈ ದೋಣಿಯಲ್ಲಿ ಆಳದ ಮೀಟರು ಇಷ್ಟು ದಿನ ಕ್ಯಾಬಿನ್ ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿತ್ತು. ಮೇಷ್ಟ್ರ ಕತ್ತಿಗೆ ಹೋದ ವರ್ಷ ಆಪರೇಷನ್ ಆಗಿದೆ. ಅಷ್ಟು ಕೆಳಕ್ಕೆ ಬಗ್ಗದು. ಕಳೆದ ತಿಂಗಳು ಮೀಟರು ನೋಡಲಾಗದೆ ದೋಣಿಯನ್ನು ಮರಳ ದಿಬ್ಬಕ್ಕೆ ಹತ್ತಿಸಿದರು. ಅವರ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅಂದೇ ಖಡಾಖಂಡಿತವಾಗಿ ಹೇಳಿದಳಂತೆ: ಕೂತಲ್ಲಿಂದ, ಕತ್ತು ಬಗ್ಗಿಸದೆ ಮೀಟರು ಓದಲು ಆದರೆ ದೋಣಿ ಇರುತ್ತದೆ, ಇಲ್ಲದಿದ್ದರೆ ಮಾರಾಟ. ಇವತ್ತು ಡ್ಯೂಟಿಗೆ ಹೋಗುವ ದಾರಿಯಲ್ಲಿ ಒಂಬತ್ತಕ್ಕೆ ಬಂದು ಪರೀಕ್ಷೆ ಮಾಡುತ್ತಾಳೆ.

“ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಪರೀಕ್ಷೆ ಕೊಟ್ಟೆ. ಈಗ ನನಗೇ ಬಂತು ನೋಡಿ” ಎನ್ನುತ್ತಾರೆ ಮೇಷ್ಟ್ರು. ನಗುತ್ತಾರೆ, ಆದರೆ ಕೈ ಮಾತ್ರ ಚಕ್ರವನ್ನು ಸವರುತ್ತಲೇ ಇದೆ.

ಅಕ್ಕನಿಗೆ ಐವತ್ತೆಂಟು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಸ್ಕ್ರೂ ಹಿಡಿಯುವುದನ್ನು ಅಕ್ಕ ಅಕ್ಷರಕ್ಕಿಂತ ಮೊದಲೇ ಕಲಿತವರು. ಮದುವೆಯಾದ ಮೇಲೆ, ಗಂಡ ವೆಲ್ಡಿಂಗ್ ಮಾಡುತ್ತಿದ್ದ ದೋಣಿಕಟ್ಟೆಗೇ ಅಕ್ಕನೂ ಸ್ಟೀಲ್ ಉಜ್ಜಿ ಹೊಳಪು ಕೊಡಲು ಸೇರಿದರು. ಮೀಟರು ಕೂರಿಸುತ್ತಿದ್ದ ಮಿಸ್ತ್ರಿ ಒಮ್ಮೆ ಜ್ವರ ಬಂದು ಮಲಗಿದಾಗ, “ನಾನು ನೋಡಿದ್ದೀನಿ, ಮಾಡ್ತೀನಿ” ಎಂದು ಡ್ರಿಲ್ ಎತ್ತಿಕೊಂಡರು. ಇಪ್ಪತ್ತಾರು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ವಾರಕ್ಕೆ ಎರಡು ದೋಣಿ, ಒಂದೊಂದು ಡಬ್ಬಿಗೆ ಹನ್ನೊಂದು ತಂತಿ.

“ಮೊದಮೊದಲು ದೋಣಿ ಹತ್ತಿದ್ರೆ, ‘ಮಿಸ್ತ್ರಿ ಎಲ್ಲಮ್ಮಾ?’ ಅಂತ ನನ್ನ ಬೆನ್ನ ಹಿಂದೆ ಇಣುಕಿ ನೋಡೋರು. ‘ಮಿಸ್ತ್ರಿ ಬಂದಾಯ್ತು, ನೀವು ಸ್ವಲ್ಪ ಸರೀರಿ’ ಅಂತಿದ್ದೆ” ಎಂದು ನಗುತ್ತಾರೆ.

ಡಬ್ಬಿಯ ಅಳತೆಗೆ ಕತ್ತರಿಸಿದ ಆ ರಟ್ಟಿನ ಜಾಗ ಗಟ್ಟಿಯಾಯಿತು. ಈಗ ಕೊಳವೆಗೆ ತೂತು. ಇಡೀ ಕೆಲಸದಲ್ಲಿ ತಿದ್ದಲಾಗದ್ದು ಇದೊಂದೇ. ಗಾರ್ಡ್ ಹಳೆಯದು, ಈ ಅಳತೆಯ ಕೊಳವೆ ಈಗ ಸಿಗುವುದಿಲ್ಲ. ಅಕ್ಕ ಮೊಳೆಯಿಂದ ಗುರುತು ಹಾಕಿ, ಎದ್ದು ನಿಂತು, ಒಂದು ಸುತ್ತು ಬಂದು, ಮತ್ತೆ ಕೂತು ನೋಡುತ್ತಾರೆ.

“ಮಾತು ಆಡಿದ್ರೆ ಹೋಯ್ತು ಅಂತಾರೆ. ಮಾತಾದ್ರೆ ತಪ್ಪಾಯ್ತು ಅಂತ ಕಾಲಿಗೆ ಬೀಳಬಹುದು. ತೂತಿನ ಕಾಲಿಗೆ ಬಿದ್ರೆ ಮುಚ್ಚಿಕೊಳ್ಳುತ್ತಾ?”

ಡ್ರಿಲ್ ಮೆಲ್ಲಗೆ ತಿರುಗುತ್ತದೆ. ಸ್ಟೀಲಿನ ಸುರುಳಿ ಕೆಳಗೆ ಹಾಸಿದ ಹಳೆಯ ಟವೆಲಿಗೆ ಬೀಳುತ್ತದೆ. ತೂತಿನ ಅಂಚನ್ನು ಅರದಿಂದ ಉಜ್ಜಿ, ಕಿರುಬೆರಳು ಒಳಗಿಟ್ಟು ಸುತ್ತ ಸವರುತ್ತಾರೆ. ಬೆರಳಿಗೆ ಚುಚ್ಚುವುದು ನಾಳೆ ತಂತಿಯ ಸಿಪ್ಪೆಯನ್ನೂ ಸುಲಿಯುತ್ತದೆ. ಆಮೇಲೆ ತೂತಿಗೆ ರಬ್ಬರಿನ ಬಳೆ.

ಇನ್ನು ತಂತಿ ಇಳಿಸುವ ಉಪಾಯ. ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ ಕೊಳವೆಯೊಳಗೆ ಬಿಡುತ್ತಾರೆ. ತುಕ್ಕು ಹಿಡಿಯದ ಈ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಟ್ಟಿಗೆ ಅಂಟುತ್ತದೆ. ಹೊರಗಿನಿಂದ ಅಯಸ್ಕಾಂತ ಹಿಡಿದು ಸವರುತ್ತಾ ಹೋದರೆ, ಒಳಗಿನ ನಟ್ಟು ಬಾಗು ತಿರುವುಗಳನ್ನು ದಾಟಿ, ಕರೆದ ಕಡೆ ಬರುತ್ತದೆ. ನಟ್ಟು ಬಿಚ್ಚಿ, ದಾರಕ್ಕೆ ತಂತಿ ಕಟ್ಟಿ ಎಳೆದರಾಯಿತು. ಅಕ್ಕನ ಅಯಸ್ಕಾಂತ ಕೆಂಪು ದಾರದಲ್ಲಿ ಅವರ ಕೊರಳಲ್ಲೇ ತೂಗುತ್ತದೆ. ಅದಕ್ಕೊಂದು ಕಾರಣವಿದೆ.

“ಕೆಲಸಕ್ಕೆ ಸೇರಿದ ಮೂರನೇ ವರ್ಷ. ಡಬ್ಬಿ ಮುಚ್ಚಿದೆ, ಅಯಸ್ಕಾಂತ ಒಳಗೇ ಮರೆತೆ. ಪಕ್ಕದಲ್ಲೇ ದಿಕ್ಸೂಚಿ! ಹದಿನೆಂಟು ಡಿಗ್ರಿ ಸುಳ್ಳು ಹೇಳ್ತಿತ್ತು. ಗಂಡ ಹೆಂಡತಿ ಇಬ್ಬರೇ ಮಂಜಿನಲ್ಲಿ ಹೋಗಿದ್ದಾರೆ. ಬಂಡೆಗೆ ಅಲೆ ಬಡಿಯೋ ಸದ್ದು ಕಿವಿಗೆ ಬಿತ್ತು, ತಿರುಗಿಸಿದ್ರು, ಉಳಿದ್ರು. ಅವರಿಗೆ ಯಾಕೆ ಹೀಗಾಯ್ತು ಅಂತ ಗೊತ್ತೇ ಇರಲಿಲ್ಲ. ಅಯಸ್ಕಾಂತ ಕಾಣದೆ ಹೋದಾಗ ನನಗೆ ಹೊಳೀತು. ಅವರ ಮನೆಗೆ ಹೋಗಿ, ನನ್ನಿಂದ ಆಯ್ತು ಅಂದೆ. ಆ ಯಮ್ಮ ಬೈಲಿಲ್ಲ. ನೀರು ಕೊಟ್ಟು ಕೂರಿಸಿದ್ರು. ಬೈದಿದ್ರೆ ಇಷ್ಟೊತ್ತಿಗೆ ಮರೀತಿದ್ದೆನೋ ಏನೋ.”

ಅಂದಿನಿಂದ ಕೆಲಸ ಹಿಡಿಯುವ ಮೊದಲು ದಿಕ್ಸೂಚಿಯ ಅಂಕಿಯನ್ನು ಎಡ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಕೊರಳಿನ ಅಯಸ್ಕಾಂತವನ್ನು ಕಟ್ಟೆಯ ಮೇಲಿಟ್ಟು ಬಂದು ಹೋಲಿಸುತ್ತಾರೆ. ಇವತ್ತಿನ ಅಂಗೈಯಲ್ಲಿ 214.

ಒಂಬತ್ತಕ್ಕೆ ಇನ್ನು ಹತ್ತು ನಿಮಿಷ. ಡಬ್ಬಿ ಕೂತಿದೆ, ಮೀಟರು ಬೆಳಗಿದೆ. ಅಕ್ಕ ದಿಕ್ಸೂಚಿಗೆ ಬಗ್ಗುತ್ತಾರೆ. 221.

ಕಟ್ಟೆಯತ್ತ ನೋಡುತ್ತಾರೆ, ಕೆಂಪು ದಾರ ಅಲ್ಲೇ ಇದೆ. ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿ ತೆರೆಯುತ್ತಾರೆ. ತಂತಿ ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಮಗಳು ದೋಣಿ ಹತ್ತಿದ್ದಾಳೆ.

“ಏನಕ್ಕಾ, ಇನ್ನೂ ಬಿಚ್ಚಿಟ್ಟಿದ್ದೀರಿ?”

“ಐದು ನಿಮಿಷ ತಾಯಿ. ದಿಕ್ಸೂಚಿ ಸರಿ ಹೇಳ್ತಿಲ್ಲ. ಹಾಗೇ ಬಿಟ್ಟುಕೊಡಲ್ಲ ನಾನು.”

ಮಗಳು ಅಪ್ಪನ ಕಡೆ ನೋಡುತ್ತಾಳೆ. ಅಪ್ಪ ಬೇರೆಲ್ಲೋ ನೋಡುತ್ತಾರೆ. ಅಕ್ಕನ ಕಣ್ಣು ಕಂಬದ ಬುಡದಿಂದ ಇಂಚಿಂಚಾಗಿ ಏರಿ, ಮೀಟರು ಓದಲು ಮೇಷ್ಟ್ರು ಕನ್ನಡಕ ಹಾಕಿಕೊಂಡು ದಿಕ್ಸೂಚಿಯ ಮಗ್ಗುಲಲ್ಲೇ ಇಟ್ಟಿದ್ದ ಕನ್ನಡಕದ ಪೆಟ್ಟಿಗೆಯ ಮೇಲೆ ನಿಲ್ಲುತ್ತದೆ. ಎತ್ತಿಕೊಂಡು, ಮುಚ್ಚಳ ತೆರೆದು ಬಿಡುತ್ತಾರೆ. ಅದು ಟಪ್ಪೆಂದು ತಾನಾಗೇ ಕಚ್ಚಿಕೊಳ್ಳುತ್ತದೆ. ಮುಚ್ಚಳದಲ್ಲಿ ಅಯಸ್ಕಾಂತ!

ಪೆಟ್ಟಿಗೆ ದೂರ ಹೋದಂತೆ ಮುಳ್ಳು ಮೆಲ್ಲಗೆ ಹೊರಳುತ್ತದೆ. 214.

“ಮೇಷ್ಟ್ರೇ, ಪರೀಕ್ಷೆ ಹಾಲಿಗೆ ಚೀಟಿ ತಂದಿದ್ದೀರಲ್ಲ!” ಎಂದು ಅಕ್ಕ ಉಸಿರು ಬಿಡುತ್ತಾರೆ. ಮೂವರೂ ನಗುತ್ತಾರೆ.

ಡಬ್ಬಿ ಮತ್ತೆ ಮುಚ್ಚಿದ ಮೇಲೆ ಮಗಳು ಅಪ್ಪನ ಕತ್ತಿನ ಹಿಂದೆ ಮೃದುವಾಗಿ ಅಂಗೈ ಇಡುತ್ತಾಳೆ, ಬಗ್ಗಿದರೆ ತಿಳಿಯಲೆಂದು. “ಓದಪ್ಪಾ.”

“ಆಳ ಎರಡು ಪಾಯಿಂಟ್ ನಾಲ್ಕು ಮೀಟರ್” ಎನ್ನುತ್ತಾರೆ ಮೇಷ್ಟ್ರು. ಕತ್ತು ಕದಲಿಲ್ಲ. ಮಗಳು ಕೈ ತೆಗೆಯದೆಯೇ ಹೇಳುತ್ತಾಳೆ: “ಭಾನುವಾರ ನಾನೂ ಬರ್ತೀನಿ. ಆ ಪೆಟ್ಟಿಗೆ ಮಾತ್ರ ಮನೇಲಿರಲಿ.”

ಅಕ್ಕ ಸಾಮಾನು ಜೋಡಿಸುತ್ತಾರೆ. ತಂತಿಗಳ ಜೊತೆ ಕೊಳವೆಯೊಳಗೆ ಒಂದು ಖಾಲಿ ದಾರವನ್ನೂ ಎಳೆದು, ಎರಡೂ ತುದಿ ಗಂಟು ಹಾಕಿ ಬಿಟ್ಟಿದ್ದಾರೆ. ಪ್ರತಿ ದೋಣಿಯಲ್ಲೂ ಬಿಡುತ್ತಾರಂತೆ. ಯಾಕೆಂದು ಕೇಳಿದರೆ ಅಂಗೈಯ ಅಂಕಿಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

“ಮುಂದೆ ಯಾವತ್ತೋ ಇನ್ನೊಂದು ತಂತಿ ಹಾಕಬೇಕಾಗುತ್ತೆ. ಆಗ ನಾನಿರ್ತೀನೋ ಇಲ್ವೋ. ಬಂದೋರು ಡಬ್ಬಿ ಬಿಚ್ಚಿದಾಗ ದಾರ ಕೈಗೆ ಸಿಗಲಿ. ‘ಯಾರೋ ಪುಣ್ಯಾತ್ಮ ಬಿಟ್ಟು ಹೋಗಿದ್ದಾನೆ’ ಅಂತಾರೆ. ಪುಣ್ಯಾತ್ಮಗಿತ್ತಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೋಗಲಿ ಬಿಡಿ, ಕೆಲಸ ಆದ್ರೆ ಸರಿ.”