ಸೈಂಧವದ ಅಜ್ಜಿ

ಅಂಧೇರಿಯ ಚಾಳಿನ ತುಳಸಾಬಾಯಿಗೆ ಸಾರಿರಲಿ, ಸುದ್ದಿಯಿರಲಿ, ಉಪ್ಪು ಖಾರ ಹಚ್ಚದಿದ್ದರೆ ಸಮಾಧಾನವಿಲ್ಲ. ಎಂಟು ವರ್ಷದ ಮೊಮ್ಮಗಳು ಕುಮುದಳ ಮೂತ್ರಪಿಂಡ ಕೆಟ್ಟು, ರಕ್ತದೊತ್ತಡ ಏರಿ, ಡಾಕ್ಟರು ಉಪ್ಪು ಬಿಡಿಸಿದಾಗಿನಿಂದ ಸೊಸೆ ವತ್ಸಲೆಗೆ ಅತ್ತೆಯನ್ನು ಕಾಯುವುದೇ ಕೆಲಸವಾಗಿತ್ತು. ಉಪ್ಪಿನ ಭರಣಿಗೆ ಬೀಗ ಬಿದ್ದರೆ ಮುದುಕಿಯ ಸೆರಗಿನ ಗಂಟಿನಿಂದ ಸೈಂಧವ ಲವಣದ ಹರಳು ಹೊರಬಂದು, ಹುಡುಗಿಯ ರೇಶನ್ ಅಕ್ಕಿಯ ಸಪ್ಪೆ ಗಂಜಿಗೆ ಬೀಳುತ್ತಿತ್ತು. "ಇದು ಉಪ್ಪಲ್ಲ ವತ್ಸಲಾ, ಸೈಂಧವ! ಏಕಾದಶಿಗೆ ದೇವರಿಗೇ ನಡೀತದ, ನಿನ್ನ ಡಾಕ್ಟರಗ ನಡ್ಯಾಂಗಿಲ್ಲೇನು?" ಡಾಕ್ಟರು ಹುಡುಗಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮತ್ತೆ ಏರಿದೆ, ಹೀಗಾದರೆ ಫಿಟ್ಸ್ ಬಂದೀತು ಎಂದು ಗದರಿದಾಗಲೆಲ್ಲ ತಾಯಿಯ ಒತ್ತಡವೂ ನೆತ್ತಿಗೇರುತ್ತಿತ್ತು. ಒಂದು ದಿನ ಆಸ್ಪತ್ರೆಯಿಂದ ಬಂದವಳೇ, ಊಟಕ್ಕೆ ಕೂತ ಅತ್ತೆಯ ತಾಟಿಗೆ ಗಂಜಿ ಪಾತ್ರೆಯ ಬಳಿ ಸಿಕ್ಕ ಸೈಂಧವದ ಹರಳನ್ನೇ ಕುಟ್ಟಿ ಹಾಕಹೋದಳು. "ಉಪ್ಪಲ್ಲ ಅಂದ್ರ ನೀವ ತಿನ್ರಿ, ಅತ್ಯಾರ!" ತುಳಸಾಬಾಯಿ ಅನ್ನದ ಮೇಲೆ ಅಂಗೈ ಅಡ್ಡ ಹಿಡಿದಳು. "ಬ್ಯಾಡವಾ. ಕೂಸಿಗೆ ಆರಾಮಾಗೋತನಕ ಉಪ್ಪು ಮುಟ್ಟೂದಿಲ್ಲಂತ ಹರಕಿ ಹೊತ್ತೇನಿ. ಸೈಂಧವನೂ ಉಪ್ಪ, ದೇವರಿಗೆ ಗೊತ್ತಾಗ್ತದ." ಅಂದದ್ದು ಆಗ ತನಗೇ ಕೇಳಿಸಿದಂತೆ ಸೆರಗಿನ ಗಂಟು ಬಿಚ್ಚಿ, ಉಳಿದ ಹರಳುಗಳನ್ನೂ ಸೊಸೆಯ ಕೈಗಿಟ್ಟಳು.